ಸಾಮಾನು ಚೀಟಿ ಮತ್ತು ಸೊಂಟದ ಸುತ್ತಳತೆ

ತೂಕ ಇಳಿಸಬೇಕು ಅಂತಿದ್ದರೆ ತಿಂಗಳ ಸಾಮಾನು ಚೀಟಿಯನ್ನು ಒಮ್ಮೆ ಮುಂದಿಟ್ಟುಕೊಳ್ಳಿ. ಅಕ್ಕಿ 20 ಕೆಜಿ, ಗೋಧಿ ಹಿಟ್ಟು 5, ರವೆ 2, ರಾಗಿ ಹಿಟ್ಟು 2, ಅವಲಕ್ಕಿ 1. ತೊಗರಿಬೇಳೆ 2, ಉದ್ದಿನಬೇಳೆ 1, ಹೆಸರುಬೇಳೆ ಅರ್ಧ, ಕಡಲೆಬೇಳೆ ಅರ್ಧ. ಎಣ್ಣೆ 5 ಲೀಟರ್. ಸಕ್ಕರೆ 4, ಬೆಲ್ಲ 1. ನಾಲ್ಕು ಜನ ದೊಡ್ಡವರಿರುವ ಸಸ್ಯಾಹಾರಿ ಮನೆ ಅಂತ ಇಟ್ಟುಕೊಳ್ಳೋಣ. ನಿಮ್ಮ ಮನೆಯ ಚೀಟಿಯಲ್ಲಿ ಒಂದೆರಡು ಕೆಜಿ ಆಚೀಚೆ ಇದ್ದೀತು, ಲೆಕ್ಕದ ದಾರಿ ಅದೇ.

ಈಗ ಇದನ್ನು ನಾಲ್ಕು ಜನಕ್ಕೆ, ಮೂವತ್ತು ದಿನಕ್ಕೆ ಭಾಗಿಸಿ. ಒಬ್ಬರಿಗೆ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆ 33 ಗ್ರಾಂ, ಎಣ್ಣೆ 38 ಗ್ರಾಂ, ಸಕ್ಕರೆ ಬೆಲ್ಲ ಸೇರಿ 42 ಗ್ರಾಂ. ಹಾಲು ಮೊಸರು 300 ಎಂಎಲ್ ಅಂದುಕೊಂಡರೆ ಒಟ್ಟು 1,665 ಕ್ಯಾಲೊರಿ ಆಸುಪಾಸು. ಕೂತು ಕೆಲಸ ಮಾಡುವ, 55 ಕೆಜಿ ತೂಗುವ ಹೆಂಗಸಿಗೆ ಇಡೀ ದಿನಕ್ಕೆ ಬೇಕಾದದ್ದು 1,660 ಎಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ಅಂದರೆ ತೆಂಗಿನಕಾಯಿ, ತರಕಾರಿ, ಹಣ್ಣು, ತುಪ್ಪ, ಸಂಜೆಯ ಬೇಕರಿ, ಭಾನುವಾರದ ಹೋಟೆಲು, ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಇವೆಲ್ಲ ಬರುವ ಮೊದಲೇ ಅವರ ಖಾತೆ ಭರ್ತಿ. ಅದೇ ಥರ ಕೂತು ಕೆಲಸ ಮಾಡುವ 65 ಕೆಜಿ ಗಂಡಸಿಗೆ 2,110. ಆತನಿಗೆ ಸ್ವಲ್ಪ ಜಾಗ ಉಳಿಯುತ್ತದೆ. ಒಂದೇ ಅಡುಗೆ ಉಂಡು ಗಂಡ ಹಾಗೇ ಇದ್ದು ಹೆಂಡತಿ ಮಾತ್ರ ದಪ್ಪಗಾಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಡೆ ಪ್ರೋಟೀನ್ ನೋಡಿ. ಇದೇ ಚೀಟಿಯಲ್ಲಿ ಧಾನ್ಯದಿಂದ 22 ಗ್ರಾಂ, ಬೇಳೆಯಿಂದ 7-8, ಹಾಲು ಮೊಸರಿನಿಂದ 9-10. ಒಟ್ಟು 39 ಗ್ರಾಂ. ದೇಹದ ತೂಕದ ಪ್ರತಿ ಕೆಜಿಗೆ 0.83 ಗ್ರಾಂ ಬೇಕು. 55 ಕೆಜಿಗೆ 46, 65 ಕೆಜಿಗೆ 54. ಕ್ಯಾಲೊರಿ ತುಂಬಿ ತುಳುಕುತ್ತದೆ, ಪ್ರೋಟೀನ್ ಸಾಲುವುದಿಲ್ಲ. ಊಟ ಮುಗಿಸಿ ಎರಡು ಗಂಟೆಯಾಗುವಷ್ಟರಲ್ಲಿ ಡಬ್ಬಿಯ ಕೋಡುಬಳೆ ಕಡೆಗೆ ಕೈ ಹೋಗುವುದಕ್ಕೆ ಬಾಯಿಚಪಲ ಅಂತ ಬೈದುಕೊಳ್ಳುತ್ತೇವಲ್ಲ, ಅರ್ಧ ತಪ್ಪು ಈ ಚೀಟಿಯದು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಎಂಎಲ್, ಕಾಯಿಬೀಜ 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ ಎಂದಿದೆ. ಗಮನಿಸಿ, 2,000ದ ದಿನಕ್ಕೆ ಧಾನ್ಯದ ಲೆಕ್ಕದಲ್ಲಿ ನಮ್ಮ ಚೀಟಿ ಸರಿಯಾಗಿಯೇ ಇದೆ. ಎಡವಿದ್ದು ಬೇಳೆಯಲ್ಲಿ. 85 ಗ್ರಾಂ ಅಂದರೆ ನಾಲ್ವರಿಗೆ ತಿಂಗಳಿಗೆ 10 ಕೆಜಿ; ನಾವು ತಂದದ್ದು 4.

ಹಾಗಾಗಿ ಮೊದಲು ಚೀಟಿ ತಿದ್ದಿ. ಧಾನ್ಯ ಎಲ್ಲ ಸೇರಿ 24 ಕೆಜಿ. ಬೇಳೆ ಮತ್ತು ಇಡಿ ಕಾಳು 8 ಕೆಜಿ. ಶೇಂಗಾ ಒಂದೂವರೆ ಕೆಜಿ, ಸೋಯಾ ಚಂಕ್ಸ್ ಅರ್ಧ ಕೆಜಿ. ಎಣ್ಣೆ ಎರಡೂವರೆ ಲೀಟರ್, ತುಪ್ಪ ಅರ್ಧ ಕೆಜಿ. ಸಕ್ಕರೆ ಬೆಲ್ಲ ಸೇರಿ 2 ಕೆಜಿ. ಹಾಲು ಮೊಸರು ಮೊದಲಿನಷ್ಟೇ. ಇದು ಒಬ್ಬರಿಗೆ ದಿನಕ್ಕೆ 1,450 ಕ್ಯಾಲೊರಿ, 48 ಗ್ರಾಂ ಪ್ರೋಟೀನ್. ತರಕಾರಿ, ಹಣ್ಣು, ಒಂದಿಷ್ಟು ಕಾಯಿಗೆ ಇನ್ನೂರರ ಮೇಲೆ ಜಾಗ ಉಳಿಯಿತು. ಹಳೆಯದಕ್ಕಿಂತ ದಿನಕ್ಕೆ 215 ಕ್ಯಾಲೊರಿ ಕಡಿಮೆ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ, ಹಾಗಾಗಿ ತಿಂಗಳಿಗೆ ಮುಕ್ಕಾಲು ಕೆಜಿಗಿಂತ ಸ್ವಲ್ಪ ಹೆಚ್ಚೇ ಇಳಿಯಬೇಕು. ನಿಧಾನ ಅನ್ನಿಸಬಹುದು. ತಿಂಗಳಿಗೆ ಐದು ಕೆಜಿ ಇಳಿಸುವ ಪುಡಿ, ಕಷಾಯಗಳ ಜಾಹೀರಾತು ನೋಡಿ ನೋಡಿ ನಮ್ಮ ಅಂದಾಜೇ ಕೆಟ್ಟಿದೆ. ಹೆಚ್ಚು ಹಸಿವಾಗುವ ಗಂಡಸರು, ಕಾಲೇಜಿಗೆ ಹೋಗುವ ಮಕ್ಕಳು ಇದ್ದರೆ ಒಂದು ರೊಟ್ಟಿಯೋ ಮುದ್ದೆಯೋ ಜಾಸ್ತಿ ಹಾಕಿಕೊಳ್ಳಲಿ, ಮಿಕ್ಕದ್ದು ಎಲ್ಲರಿಗೂ ಒಂದೇ ಇರಲಿ. ಒಬ್ಬರಿಗಾಗಿ ಬೇರೆ ಅಡುಗೆ ಅಂತ ಶುರು ಮಾಡಿದ್ದು ಹದಿನೈದು ದಿನ ನಡೆದರೆ ಹೆಚ್ಚು.

ಅಕ್ಕಿ

ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ 180 ಎಂಎಲ್; ಅದರಲ್ಲಿ ಅಕ್ಕಿ ಸುಮಾರು 150 ಗ್ರಾಂ. ಮನೆಯ ಹಳೆಯ ಪಾವು ಒಂದೊಂದು ಕಡೆ ಒಂದೊಂದು ಅಳತೆ, ಅದನ್ನು ಒಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬನ್ನಿ. ಮಧ್ಯಾಹ್ನಕ್ಕೆ ನಾಲ್ವರಿಗೆ ಎರಡು ಕಪ್, ಅಂದರೆ 300 ಗ್ರಾಂ ಅಕ್ಕಿ ಸಾಕು. ಬೆಂದ ಮೇಲೆ 850 ಗ್ರಾಂ ಹತ್ತಿರ ಬರುತ್ತದೆ, ತಲೆಗೆ 210 ಗ್ರಾಂ, ಕ್ಯಾಲೊರಿ 265. ಹುಳಿಗೊಂದು, ಸಾರಿಗೊಂದು, ಮೊಸರಿಗೊಂದು ಎಂದು ಮೂರು ಸಲ ಕಲಸುವ ಅಭ್ಯಾಸ ಬಿಡಬೇಕಾಗಿಲ್ಲ. ಪ್ರತಿ ಸಲಕ್ಕೂ 70 ಗ್ರಾಂ, ಒಂದು ಸಣ್ಣ ಕೈ ಅನ್ನ. ಸಾರನ್ನು ಲೋಟಕ್ಕೆ ಹಾಕಿಕೊಂಡು ಕುಡಿದರೆ ಮಧ್ಯದ ಸುತ್ತಿನ ಅನ್ನವೂ ಉಳಿಯಿತು.

ಮುಖ್ಯ ಸಂಗತಿ: ಕಡಿಮೆ ಬಡಿಸಬೇಡಿ, ಕಡಿಮೆ ಬೇಯಿಸಿ. ಪಾತ್ರೆಯಲ್ಲಿ ಅನ್ನ ಉಳಿದರೆ ಅದು ಸಂಜೆಗೆ ಚಿತ್ರಾನ್ನವಾಗುತ್ತದೆ. ಚಿತ್ರಾನ್ನಕ್ಕೆ ಎಣ್ಣೆ, ಶೇಂಗಾ, ಕಡಲೆಬೇಳೆ, ಕಾಯಿತುರಿ ಎಲ್ಲ ಬೀಳುತ್ತವೆ. 265ರ ಅನ್ನ 450 ಆಗಿ ವಾಪಸ್ಸು ಬರುತ್ತದೆ. "ಬಿಸಾಡೋದು ಯಾಕೆ" ಎಂದು ಕೊನೆಯಲ್ಲಿ ಪಾತ್ರೆ ಖಾಲಿ ಮಾಡುವವರು ಯಾರು ಅಂತ ಎಲ್ಲರ ಮನೆಯಲ್ಲೂ ಗೊತ್ತು.

ಅನ್ನ ಬಿಟ್ಟು ಚಪಾತಿ ಹಿಡಿದವರ ಲೆಕ್ಕವನ್ನೂ ನೋಡಿಬಿಡೋಣ. ಒಂದು ಚಪಾತಿಗೆ ಹಿಟ್ಟು 30 ಗ್ರಾಂ, 100 ಕ್ಯಾಲೊರಿ. ಮೇಲೆ ಸವರುವ ಒಂದು ಚಮಚ ಎಣ್ಣೆ 40. ನಾಲ್ಕು ಚಪಾತಿಗೆ 560. ಅದು 160 ಗ್ರಾಂ ಅಕ್ಕಿಯ ಅನ್ನಕ್ಕೆ ಸಮ, ನಾವು ಮೇಲೆ ಹೇಳಿದ್ದರ ದುಪ್ಪಟ್ಟು. ಎಣ್ಣೆಯಿಲ್ಲದ ಎರಡು ಫುಲ್ಕ ಆದರೆ ಲಾಭ ಉಂಟು.

ರಾಗಿಯ ಬಗ್ಗೆ ಇನ್ನೂ ದೊಡ್ಡ ತಪ್ಪು ತಿಳಿವಳಿಕೆ. 100 ಗ್ರಾಂ ಅಕ್ಕಿಯಲ್ಲಿ 350, ರಾಗಿಯಲ್ಲಿ 320 ಕ್ಯಾಲೊರಿ, ವ್ಯತ್ಯಾಸ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿದೆ, 100 ಗ್ರಾಂಗೆ 11 ಗ್ರಾಂ. ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಜೊತೆಗೆ ಒಂದು ಲೋಟ ಹಿಟ್ಟು ಎರಡು ಲೋಟ ನೀರು ಕುಡಿದು ಮುದ್ದೆಯಾಗುವುದರಿಂದ 65 ಗ್ರಾಂ ಹಿಟ್ಟಿನಲ್ಲೇ ಹೊಟ್ಟೆ ಗಟ್ಟಿಯಾಗುತ್ತದೆ. ಆದರೆ ಮುದ್ದೆ ಅನ್ನದ ಬದಲಿಗೆ ಬರಬೇಕು. ಮುದ್ದೆ ನುಂಗಿ, ಮೇಲೆ ಎರಡು ಸಲ ಅನ್ನ ಕಲಸಿದರೆ ರಾಗಿ ಏನೂ ಮಾಡಲಾರದು.

ಬೇಳೆ, ಕಾಳು

ನಾಲ್ವರ ಹುಳಿಗೆ ಎಷ್ಟು ಬೇಳೆ ಹಾಕುತ್ತೀರಿ? ಅರ್ಧ ಕಪ್ ಅಂದರೆ 80-100 ಗ್ರಾಂ. ತಲೆಗೆ 5 ಗ್ರಾಂ ಪ್ರೋಟೀನ್. ಮಂದವಾಗಲಿ ಎಂದು ಕಾಯಿ ರುಬ್ಬಿ ಹಾಕುತ್ತೇವೆ, ಅಕ್ಕಿಹಿಟ್ಟು ಕದಡುವವರೂ ಇದ್ದಾರೆ. ಬೇಳೆಯನ್ನು 160 ಗ್ರಾಂಗೆ ಏರಿಸಿ, ಕಾಯಿಯನ್ನು ಎರಡು ದೊಡ್ಡ ಚಮಚಕ್ಕೆ ಇಳಿಸಿ. ಮಂದ ತಾನಾಗಿ ಬರುತ್ತದೆ. ಮಲೆನಾಡು, ಕರಾವಳಿಯವರಿಗೆ ಈ ಮಾತು ರುಚಿಸಲಿಕ್ಕಿಲ್ಲ, ಅವರು ಹುಳಿಯನ್ನು ಬಿಟ್ಟು ತಂಬುಳಿ ಕಡೆ ಹೊರಳಲಿ: ಒಂದೆಲಗವೋ ದೊಡ್ಡಪತ್ರೆಯೋ, ಎರಡು ಚಮಚ ಕಾಯಿ, ಮಿಕ್ಕದ್ದೆಲ್ಲ ಮಜ್ಜಿಗೆ.

ಬೇಳೆ ಹೆಚ್ಚಿಸಲು ನಮ್ಮಲ್ಲಿರುವ ಅತ್ಯುತ್ತಮ ಅಡುಗೆ ಬಸ್ಸಾರು. ಒಂದೇ ಪಾತ್ರೆಯಿಂದ ಸಾರೂ ಪಲ್ಯವೂ ಹುಟ್ಟುತ್ತವೆ, ಕಾಳು ಸೊಪ್ಪು ಎರಡೂ ಹೊಟ್ಟೆ ಸೇರುತ್ತವೆ. ನಾಲ್ವರಿಗೆ ಹಲಸಂದೆ ಕಾಳು 150 ಗ್ರಾಂ, ರಾತ್ರಿ ನೆನೆಹಾಕಿ, ನೆನೆದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಎರಡು ಮೂರು ಕೂಗು. ಕಾಳು ಬೆರಳಿಗೆ ಹಿಸುಕಿದರೆ ಮೆತ್ತಗಾಗಬೇಕು, ಆದರೆ ಒಡೆದು ಕರಗಬಾರದು. ಕರಗಿದರೆ ಬಸಿಯಲು ಬರುವುದಿಲ್ಲ, ಎಲ್ಲ ಗೊಜ್ಜಾಗುತ್ತದೆ. ಬಿಡಿಸಿದ ದಂಟಿನ ಸೊಪ್ಪೋ ಸಬ್ಬಸಿಗೆಯೋ 400 ಗ್ರಾಂ ಹೆಚ್ಚಿ ಹಾಕಿ, ಮುಚ್ಚಳವಿಲ್ಲದೆ ಐದಾರು ನಿಮಿಷ ಬೇಯಿಸಿ ಬಸಿಯಿರಿ. ಬಸಿದ ನೀರಿಗೆ (ಅದೇ ಕಟ್ಟು) ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ, ಹುಣಸೆ, ಎರಡು ಚಮಚ ಕಾಯಿ, ಜೊತೆಗೆ ಬೆಂದ ಕಾಳು ಸೊಪ್ಪಿನದೇ ಒಂದು ಸೌಟು ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಎರಡು ಚಿಕ್ಕ ಚಮಚ ಎಣ್ಣೆಯ ಒಗ್ಗರಣೆ, ಈರುಳ್ಳಿ, ಒಣಮೆಣಸಿನಕಾಯಿ, ಪಲ್ಯ ಆಯಿತು. ಒಂದು ಮುದ್ದೆಯೊಂದಿಗೆ ಇಡೀ ಊಟ 400 ಕ್ಯಾಲೊರಿ ಸುತ್ತಮುತ್ತ, ಪ್ರೋಟೀನ್ 15 ಗ್ರಾಂ. ಹೋಟೆಲಿನ ಸಲಾಡ್ ಬಟ್ಟಲು ಇದರ ಹತ್ತಿರಕ್ಕೂ ಬರಲಾರದು.

ಹುರಳಿ ಕೊಬ್ಬು ಕರಗಿಸುತ್ತದೆ ಎಂದು ಅದರ ಕಟ್ಟನ್ನು ಮಾತ್ರ ಬೆಳಿಗ್ಗೆ ಕುಡಿಯುವವರಿದ್ದಾರೆ. ಯಾವ ಕಾಳೂ ಕೊಬ್ಬು ಕರಗಿಸುವುದಿಲ್ಲ. ಹುರಳಿಯಲ್ಲಿ ನೂರಕ್ಕೆ 22 ಗ್ರಾಂ ಪ್ರೋಟೀನ್, ಒಳ್ಳೆಯ ನಾರು ಇರುವುದರಿಂದ ಹಸಿವು ತಡವಾಗುತ್ತದೆ, ಅಷ್ಟೇ. ಅದರಲ್ಲಿ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿದಿರುತ್ತದೆ; ಕಟ್ಟು ಕುಡಿದು ಕಾಳನ್ನು ಹಸುವಿಗೆ ಹಾಕಿದರೆ ಹಸುವಿಗೆ ಲಾಭ.

ಹೊಟ್ಟೆಯುಬ್ಬರದ ದೂರು ಬಂದೇ ಬರುತ್ತದೆ. 33 ಗ್ರಾಂ ಬೇಳೆಗೆ ಒಗ್ಗಿದ ಕರುಳಿಗೆ ಮರುದಿನವೇ 70 ಗ್ರಾಂ ಹಾಕಿದರೆ ಹಾಗಾಗುವುದು ಸಹಜ. ಕಾಳಿನ ಕೆಲವು ಸಕ್ಕರೆಗಳನ್ನು ನಮ್ಮ ಸಣ್ಣಕರುಳು ಅರಗಿಸಲಾರದು, ದೊಡ್ಡಕರುಳಿನ ಬ್ಯಾಕ್ಟೀರಿಯಾ ಅವನ್ನು ಹುಳಿಸಿ ಗಾಳಿ ಮಾಡುತ್ತವೆ. ವಾರಕ್ಕೆ 10 ಗ್ರಾಂನಂತೆ ಏರಿಸಿ. ಹೆಸರಿನಿಂದ ಶುರು ಮಾಡಿ, ಕಡಲೆಕಾಳು ರಾಜ್ಮಾ ಕೊನೆಗೆ. ನೆನೆದ ನೀರು ಚೆಲ್ಲಿ. ಮೊಳಕೆ ಕಟ್ಟಿದರೆ ಇನ್ನೂ ಹಗುರ, ಆದರೆ ಬೇಸಿಗೆಯಲ್ಲಿ ಬಟ್ಟೆಯ ಗಂಟನ್ನು ಎರಡು ಸಲ ತೊಳೆಯದಿದ್ದರೆ ಲೋಳೆಯಾಗಿ ನಾರುತ್ತದೆ. ನಾರಿದ್ದನ್ನು ತೊಳೆದು ಬಳಸುವ ಉಳಿತಾಯ ಬೇಡ.

ಕೋಸಂಬರಿಯನ್ನು ಮರೆಯುವಂತಿಲ್ಲ. ಎಲೆಯ ಮೇಲೆ ಕೋಸಂಬರಿ, ಪಲ್ಯ ಅನ್ನಕ್ಕಿಂತ ಮೊದಲೇ ಬಡಿಸಿರುತ್ತಾರೆ, ಕ್ರಮ ಸರಿಯಾಗಿದೆ. ಪ್ರಮಾಣ ಮಾತ್ರ ದೇವರ ನೈವೇದ್ಯದಷ್ಟು. 100 ಗ್ರಾಂ ಹೆಸರುಬೇಳೆ ಒಂದು ಗಂಟೆ ನೆನೆಸಿ, ಎರಡು ಸೌತೆಕಾಯಿ, ಒಂದು ಕ್ಯಾರೆಟ್ ಸೇರಿಸಿ ನಾಲ್ವರಿಗೆ ಬಟ್ಟಲು ತುಂಬ ಕೊಡಿ. ತಲೆಗೆ 6 ಗ್ರಾಂ ಪ್ರೋಟೀನ್. ಉಪ್ಪು ಬಡಿಸುವಾಗ ಹಾಕಿ, ಇಲ್ಲದಿದ್ದರೆ ಸೌತೆ ನೀರು ಬಿಟ್ಟು ತಳದಲ್ಲಿ ಕೆರೆ.

ಸೋಯಾ ಚಂಕ್ಸ್ ಹೆಸರು ಕೇಳಿದರೆ ಹಿರಿಯರು ಮೂಗು ಮುರಿಯುತ್ತಾರೆ. ನೂರು ಗ್ರಾಂಗೆ 50 ಗ್ರಾಂ ದಾಟಿ ಪ್ರೋಟೀನ್ ಇರುವ ಪದಾರ್ಥ ಸಸ್ಯಾಹಾರಿ ಅಡುಗೆಮನೆಯಲ್ಲಿ ಮತ್ತೊಂದಿಲ್ಲ. ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟು, ಚೆನ್ನಾಗಿ ಹಿಂಡಿ, ಆ ನೀರು ಚೆಲ್ಲಿ, ಸಣ್ಣಗೆ ಹೆಚ್ಚಿ ವಾಂಗೀಬಾತಿಗೋ ಸಾಗುವಿಗೋ ಹಾಕಿ. ಹಿಂಡದೆ ಹಾಕಿದರೆ ಮಸಾಲೆ ಹೀರುವುದಿಲ್ಲ, ಹಸಿ ವಾಸನೆ ಉಳಿಯುತ್ತದೆ. ಮೂಗು ಮುರಿಯುವುದು ಆ ವಾಸನೆಗೇ.

ಎಣ್ಣೆ

5 ಎಂಎಲ್‌ನ ಚಿಕ್ಕ ಚಮಚ ಎಣ್ಣೆ 40 ಕ್ಯಾಲೊರಿ, 15 ಎಂಎಲ್‌ನ ದೊಡ್ಡ ಚಮಚ 120. ಕಡಲೆಕಾಯಿ, ಸೂರ್ಯಕಾಂತಿ, ಕೊಬ್ಬರಿ, ಗಾಣದ್ದು, ರಿಫೈಂಡ್, ಈ ವಿಷಯದಲ್ಲಿ ಎಲ್ಲವೂ ಒಂದೇ. ಗಾಣದ ಎಣ್ಣೆಯಿಂದ ತೂಕ ಏರುವುದಿಲ್ಲ ಎನ್ನುವವರಿಗೆ ಲೆಕ್ಕ ಬರುವುದಿಲ್ಲ. ಎರಡೂವರೆ ಲೀಟರನ್ನು ತಿಂಗಳ ಒಂದನೇ ತಾರೀಖು ಬೇರೆ ಡಬ್ಬಿಗೆ ಸುರಿದಿಡಿ. 20ನೇ ತಾರೀಖಿಗೆ ಮುಗಿದರೆ ಎಲ್ಲಿ ಹೋಯಿತು ಎಂದು ಗೊತ್ತಾಗುತ್ತದೆ. ಬಾಟಲಿಯಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಹಾಕಿ.

ಉಪ್ಪಿಟ್ಟನ್ನೇ ತೆಗೆದುಕೊಳ್ಳಿ. 200 ಗ್ರಾಂ ರವೆಯಲ್ಲಿ 700 ಕ್ಯಾಲೊರಿ. ಉದುರುದುರಾಗಿ ಬರಲಿ ಎಂದು ಹಾಕುವ ನಾಲ್ಕು ದೊಡ್ಡ ಚಮಚ ಎಣ್ಣೆಯಲ್ಲಿ 480. ಎರಡು ಚಮಚದಲ್ಲೂ ಉದುರಾಗುತ್ತದೆ, ಆದರೆ ರವೆಯನ್ನು ಒಣಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಹುರಿಯಬೇಕು. ಘಮ ಬರಬೇಕು, ಬಣ್ಣ ತಿರುಗಬಾರದು. ಅವಸರದಲ್ಲಿ ಎರಡು ನಿಮಿಷ ಹುರಿದು ನೀರಿಗೆ ಹಾಕಿದಾಗಲೇ ಗಂಟು ಕಟ್ಟಿ ಅಂಟಾಗುವುದು. ಆ ತಪ್ಪನ್ನು ಮುಚ್ಚಲು ಎಣ್ಣೆ ಸುರಿಯುತ್ತೇವೆ. ರವೆಯಷ್ಟೇ ಅಳತೆಯ ಬೀನ್ಸ್, ಕ್ಯಾರೆಟ್, ಬಟಾಣಿಯನ್ನು ನೀರಲ್ಲಿ ಮುಕ್ಕಾಲು ಬೇಯಿಸಿಕೊಂಡು, ನೀರು ರವೆಯ ಎರಡೂವರೆಯಿಂದ ಮೂರು ಪಟ್ಟು ಇಟ್ಟು, ಕುದಿಯುವಾಗ ಧಾರೆಯಾಗಿ ರವೆ ಬಿಡಿ.

ಬದನೆಕಾಯಿ ಸ್ಪಂಜಿನ ಜಾತಿ. ಎಷ್ಟು ಎಣ್ಣೆ ಕೊಟ್ಟರೂ ಕುಡಿಯುತ್ತದೆ. ಎಣ್ಣೆಗಾಯಿಗೆ ಸೀಳಿದ ಕಾಯಿಯನ್ನು ಮೊದಲು ಐದು ನಿಮಿಷ ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟರೆ ಅದರೊಳಗಿನ ಗಾಳಿಯ ಸಂದುಗಳು ಕುಸಿಯುತ್ತವೆ, ಆಮೇಲೆ ಮೂರು ಚಮಚದಲ್ಲಿ ಕೆಲಸ ಮುಗಿಯುತ್ತದೆ. ಹೆಸರಿಗೆ ತಕ್ಕ ಎಣ್ಣೆ ಮೇಲೆ ತೇಲುವುದಿಲ್ಲ, ನಿಜ. ಜೋಳದ ರೊಟ್ಟಿ ತಿನ್ನುವ ಕಡೆ ರೊಟ್ಟಿಗೆ ಎಣ್ಣೆಯೇ ಇಲ್ಲ, ಕಾಳುಪಲ್ಯ, ಹಸಿ ಮೆಂತ್ಯಸೊಪ್ಪು, ಈರುಳ್ಳಿ, ಮೊಸರು ಎಲ್ಲ ಚೆನ್ನ. ತೂಕ ಏರಿದರೆ ಶೇಂಗಾ ಹಿಂಡಿಯನ್ನೂ (ಶೇಂಗಾ ಚಟ್ನಿಪುಡಿ) ಎಣ್ಣೆಗಾಯಿಯನ್ನೂ ವಿಚಾರಿಸಿಕೊಳ್ಳಬೇಕು.

ಕಾಫಿಯ ಲೆಕ್ಕ ಒಂದೇ ಸಾಲಿನದು: ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ, ಒಟ್ಟು 25-30 ಗ್ರಾಂ ಸಕ್ಕರೆ. ಇಡೀ ದಿನದ ಮಿತಿಯೇ 25. ಬೆಲ್ಲದ ಕಾಫಿ ಅಂದರೂ ಕ್ಯಾಲೊರಿ ಅಷ್ಟೇ.

ಒಪ್ಪೊತ್ತಿನ ದಿನಗಳು

ಶನಿವಾರ ಒಪ್ಪೊತ್ತು ಎಂದರೆ ರಾತ್ರಿ ಅನ್ನವಿಲ್ಲ, ಆದರೆ ಉಪ್ಪಿಟ್ಟು, ಅವಲಕ್ಕಿ, ದೋಸೆ ಇದೆ. ದೋಸೆಗೆ ಲೆಕ್ಕವಿಟ್ಟವರು ಯಾರು? ಏಕಾದಶಿಗೆ ಸಾಬೂದಾನ ಖಿಚಡಿ ಮಾಡುವ ಮನೆಗಳಲ್ಲಿ 100 ಗ್ರಾಂ ಸಾಬೂದಾನಕ್ಕೆ 350 ಕ್ಯಾಲೊರಿ, ಪ್ರೋಟೀನ್ ಹೆಸರಿಗೂ ಇಲ್ಲ, ಮೇಲೆ ಶೇಂಗಾಪುಡಿ, ತುಪ್ಪ, ಆಲೂಗಡ್ಡೆ. ಉಪವಾಸದ ದಿನದ ಲೆಕ್ಕ ಊಟದ ದಿನಕ್ಕಿಂತ ಜಾಸ್ತಿ ಬರುತ್ತದೆ. ಆಚರಣೆ ಬಿಡಿ ಅನ್ನುತ್ತಿಲ್ಲ. ಹಣ್ಣು, ಹಾಲು, ಮಜ್ಜಿಗೆಗೆ ನಿಂತರೆ ಆಚರಣೆಯೂ ಉಳಿಯಿತು. ಹಬ್ಬಕ್ಕೆ ಎರಡು ಒಬ್ಬಟ್ಟು ತಿನ್ನಿ, ಅವತ್ತು ಅನ್ನ ಒಂದೇ ಸುತ್ತು. ಅಪಾಯ ಹಬ್ಬದ ದಿನದಲ್ಲಿಲ್ಲ, ಮರುದಿನದಿಂದ ನಾಲ್ಕು ದಿನ ಡಬ್ಬಿಯಲ್ಲಿ ಉಳಿಯುವ ಒಬ್ಬಟ್ಟಿನಲ್ಲಿದೆ. ಎಣಿಸಿ ಮಾಡಿ, ಮಿಕ್ಕದ್ದನ್ನು ಅವತ್ತೇ ಹಂಚಿ.

ತಕ್ಕಡಿ, ಟೇಪು

ವಾರಕ್ಕೊಮ್ಮೆ, ಸೋಮವಾರ ಅಂದರೆ ಪ್ರತಿ ಸಲ ಸೋಮವಾರವೇ, ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು ತೂಗಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ ತಿಂದಿದ್ದರೆ ಒಂದು ಕೆಜಿ ಹೆಚ್ಚು ತೋರಿಸಬಹುದು. ಅದು ಉಪ್ಪು ಹಿಡಿದಿಟ್ಟ ನೀರು. ಹಾಗೆಯೇ ಅನ್ನ ಪೂರ್ತಿ ಬಿಟ್ಟ ಮೊದಲ ವಾರದಲ್ಲಿ ಇಳಿಯುವ ಎರಡು ಕೆಜಿಯಲ್ಲೂ ನೀರೇ ಹೆಚ್ಚು, ಅದಕ್ಕೇ ಮತ್ತೆ ಉಂಡ ಎರಡು ದಿನಕ್ಕೆ ವಾಪಸ್ಸು ಬರುತ್ತದೆ. ನಮ್ಮ ದೇಶದವರಿಗೆ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 18.5ರಿಂದ 23ರೊಳಗೆ ಇರಬೇಕು: 160 ಸೆಂಮೀ ಎತ್ತರಕ್ಕೆ 47ರಿಂದ 59 ಕೆಜಿ, 170ಕ್ಕೆ 53ರಿಂದ 66. ಆದರೆ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಇರುವ ನಮ್ಮ ಮೈಕಟ್ಟಿಗೆ ಟೇಪೇ ಹೆಚ್ಚು ನಂಬಿಕಸ್ಥ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90 ಸೆಂಮೀ, ಹೆಂಗಸರಿಗೆ 80 ಸೆಂಮೀ ಮಿತಿ. ಪ್ಯಾಂಟಿನ ಸೈಜ್ ಹೇಳಬೇಡಿ, ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ.

ನಾಲ್ಕೈದು ಕೆಜಿ ಇಳಿದ ಮೇಲೆ ಮುಳ್ಳು ನಿಲ್ಲುತ್ತದೆ. ಹಗುರಾದ ದೇಹಕ್ಕೆ ಬೇಕಾದದ್ದೂ ಕಡಿಮೆ, ಅಳತೆಯೂ ಅಷ್ಟರಲ್ಲಿ ಸಡಿಲಾಗಿರುತ್ತದೆ. ಅನ್ನ ಇನ್ನೂ ಕಡಿಮೆ ಮಾಡುವ ಮೊದಲು ಎಣ್ಣೆ ಡಬ್ಬಿ ನೋಡಿ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ವಾರಕ್ಕೆ ಮೂರು ದಿನ ಬಸ್ಕಿ ಹೊಡೆಯಿರಿ. ಸ್ನಾಯು ಉಳಿಯುವುದು ಹಾಗೆ. ಹಾಲು ಮೊಸರು ಮಾತ್ರ ನಿಲ್ಲಿಸಬೇಡಿ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗೆ ಊಟದಿಂದ ಬಿ12 ವಿಟಮಿನ್ ಬರುವ ಮುಖ್ಯ ದಾರಿ ಅದೇ. ಕೊಬ್ಬು ಬೇಡವಾದರೆ 6 ಶೇಕಡಾ ಕೊಬ್ಬಿನ ಹಾಲಿನಿಂದ 3 ಶೇಕಡಾದ ಟೋನ್ಡ್ ಹಾಲಿಗೆ ಬನ್ನಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಅನ್ನ ಅರ್ಧ ಮಾಡಿದರೆ ಸಕ್ಕರೆ ಏಕಾಏಕಿ ಕುಸಿದೀತು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಬೇಳೆಯ ಲೆಕ್ಕ ಅನ್ವಯಿಸುವುದಿಲ್ಲ.

ಇಷ್ಟೆಲ್ಲ ಇಳಿಸುವ ಮಾತಾಯಿತು. ಅದೇ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ವರ್ಷದಿಂದ ಸೊರಗುತ್ತಿರುತ್ತಾರೆ, "ವಯಸ್ಸಾಯ್ತಲ್ಲ" ಎಂದು ಯಾರೂ ತೂಗಿರುವುದಿಲ್ಲ. ಆರು ತಿಂಗಳಿಂದ ವರ್ಷದೊಳಗೆ, ಬೇಕೆಂದು ಇಳಿಸದೆ, ನೂರಕ್ಕೆ ಐದರಷ್ಟು ತೂಕ ಹೋಗಿದ್ದರೆ ವೈದ್ಯರಿಗೆ ತೋರಿಸಬೇಕು. 50 ಕೆಜಿಯವರಿಗೆ ಎರಡೂವರೆ ಕೆಜಿ. ಅವರಿಗೆ ಕೊಡುವ ತಿಳಿ ರಾಗಿ ಗಂಜಿಯಲ್ಲಿ 20 ಗ್ರಾಂ ಹಿಟ್ಟು, 65 ಕ್ಯಾಲೊರಿ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಅದರ ಬದಲು ರಾಗಿ ಹುರಿಹಿಟ್ಟು 40 ಗ್ರಾಂ, ಬಿಸಿ ಹಾಲು 150 ಎಂಎಲ್, 10 ಗ್ರಾಂ ಬೆಲ್ಲ, ಒಂದು ಚಮಚ ತುಪ್ಪ ಕಲಸಿ ಕೊಟ್ಟರೆ ಅದೇ ಬಟ್ಟಲಲ್ಲಿ 300. ಹಾಲನ್ನು ಒಮ್ಮೆಲೇ ಸುರಿದರೆ ಗಂಟಾಗುತ್ತದೆ. ಮೊದಲು ಎರಡು ಚಮಚ ಹಾಲಿನಲ್ಲಿ ಗಟ್ಟಿಯಾಗಿ ಕಲಸಿ, ಆಮೇಲೆ ಸಡಿಲ ಮಾಡಿ. ಹಲ್ಲಿಲ್ಲದವರಿಗೆ ಐದು ನಿಮಿಷ ನೆನೆಯಲು ಬಿಟ್ಟು ಕೊಡಿ.